ಹೆಪ್ಪುಗಟ್ಟಬಾರದ್ದು

ಕುದುರೆ ನನ್ನದು, ಪೆಟ್ಟಿಗೆ ಸರ್ಕಾರದ್ದು.
ತಿಂಗಳ ಎರಡನೇ ಬುಧವಾರ
ಲೆಸೊಥೊದ ಈ ಬೆಟ್ಟ ಹತ್ತಿ
ಹಾ ಮೊಕೊತೊ ಮುಟ್ಟಿಸಬೇಕು.
ಜೂನು. ಮೊಣಕಾಲುದ್ದ ಹಿಮ.
ಕೆಳಗೆ ಹೊಳೆ ಅಂಚಿನಿಂದ ಗಟ್ಟಿಯಾಗುತ್ತ ಬಂದಿದೆ.

"ಈ ಚಳಿಯಲ್ಲಿ ತಂಪುಪೆಟ್ಟಿಗೆ ಯಾಕೆ ತಾಯಿ?"
ಮೊದಲ ಸಲ ನಕ್ಕು ಕೇಳಿದ್ದೆ.
ನರ್ಸ್ ತ್ಸೆಪಿಸೊ ನಗಲಿಲ್ಲ.
"ಬೇಸಿಗೆಯಲ್ಲಿ ಬಿಸಿಲಿಂದ ಕಾಯಬೇಕು,
ಈಗ ಚಳಿಯಿಂದ.
ಹೆಪ್ಪುಗಟ್ಟಿದರೆ ಲಸಿಕೆ ಸತ್ತ ಹಾಗೆ.
ಕಾಯಿಸಿದರೆ ನೀರಾದೀತು, ಜೀವ ಬಾರದು."
ಅಂದವಳೇ ಪೆಟ್ಟಿಗೆಯನ್ನು ಕಂಬಳಿಯೊಳಗೆ
ಹೊಟ್ಟೆಗೆ ಬಿಗಿದುಕೊಂಡು ಕುದುರೆ ಏರಿದಳು,
ಏಳು ತಿಂಗಳ ಬಸುರಿ ಹಾಗೆ.

ಕಾಯುವ ವಿಷಯ ನನಗೆ ತಡವಾಗಿ ತಿಳಿದದ್ದು.
ಇಪ್ಪತ್ತೊಂದು ವರ್ಷ ಗಡಿಯಾಚೆ
ಚಿನ್ನದ ಗಣಿಯಲ್ಲಿ ಕಲ್ಲು ಕೊರೆದೆ.
ಎದೆಗೆ ಕೊಳವೆಯಿಟ್ಟು ಕೇಳಿದವರಿಲ್ಲ.
ಕೊನೆಯ ಸಂಬಳದ ಜೊತೆ ಒಂದು ಎಕ್ಸ್‌ರೇ ಕೊಟ್ಟರು.
ಬೆಳಕಿಗೆ ಹಿಡಿದು ನೋಡಿದೆ:
ನಮ್ಮೂರ ಬಯಲು. ಹಿಮ ಬೀಳುತ್ತಿತ್ತು.

ಈಗ ದಿನಾ ಬೆಳಿಗ್ಗೆ ಮಾಲಿಬುಸೆಂಗ್ ಬರುತ್ತಾಳೆ.
ಡಾಕ್ಟರಲ್ಲ, ನರ್ಸಲ್ಲ, ಮೂರು ಮನೆ ಆಚೆಯವಳು,
ಊರು ಕೈಯೆತ್ತಿ ಆರಿಸಿದವಳು.
ಕ್ಷಯದ ಮಾತ್ರೆ ನುಂಗುವ ತನಕ ಕದಲುವುದಿಲ್ಲ.
"ಬಾಯಿ ತೆಗಿ" ಅನ್ನುತ್ತಾಳೆ,
ನಾಲಿಗೆಯಡಿ ಇಣುಕುತ್ತಾಳೆ.
ಅರವತ್ತೆರಡರ ನಾನು ಆ ಅಂದು ನಿಲ್ಲುತ್ತೇನೆ.
"ನನ್ನ ಮೇಲೆ ನಂಬಿಕೆಯಿಲ್ಲವೆ?"
"ಇದೆ. ಬಾಯಿ ತೆಗಿ."

ನಮ್ಮಲ್ಲಿ ಸೊಸೆಗೆ ಚೊಚ್ಚಲ ಮಗುವಿನ ಹೆಸರೇ ಹೆಸರು.
ಲಿಬುಸೆಂಗ್‌ಳ ತಾಯಿ ಮಾಲಿಬುಸೆಂಗ್.
ಲಿಬುಸೆಂಗ್ ಇದ್ದದ್ದು ಹದಿನಾಲ್ಕು ತಿಂಗಳು.
ದಡಾರ.
ಆ ಚಳಿಗಾಲ ದಾರಿ ಮುಚ್ಚಿತ್ತು, ಪೆಟ್ಟಿಗೆ ಹತ್ತಲಿಲ್ಲ.
ಊರು ಇವತ್ತಿಗೂ ಆ ಮಗುವನ್ನು ಕೂಗಿ ಕರೆಯುತ್ತದೆ,
ಬಾವಿಯ ಹತ್ತಿರ, ಬೇಲಿಯ ಹತ್ತಿರ, ಕತ್ತಲಾದ ಮೇಲೂ.
ಓಗೊಡುವುದು ತಾಯಿ.

ಈ ಬುಧವಾರ ಹಳ್ಳ ದಾಟುವಾಗ ಕುದುರೆ ಜಾರಿತು.
ಪೆಟ್ಟಿಗೆ ಹಾರಿ ಹಿಮದಲ್ಲಿ ಮಗುಚಿ
ಮುಚ್ಚಳ ತೆರೆದುಕೊಂಡಿತ್ತು.
ಹೆಕ್ಕಿದೆವು, ಎಣಿಸಿದೆವು, ಒಂದು ಸೀಸೆ ಸಿಗಲೇ ಇಲ್ಲ ಬಹಳ ಹೊತ್ತು.

ಮುಖ್ಯಸ್ಥನ ಕೊಟ್ಟಿಗೆಯ ತೊಲೆಗೆ ತಕ್ಕಡಿ ನೇತುಹಾಕಿದ್ದರು.
ಚಡ್ಡಿಯಂಥ ಚೀಲದಲ್ಲಿ ಕೂಸುಗಳು ಕಾಲು ಬಿಟ್ಟುಕೊಂಡು
ತೂಗಿದವು, ಅತ್ತವು, ಒಂದು ನಿದ್ದೆಹೋಯಿತು.
ಮಾಲಿಬುಸೆಂಗ್ ಪ್ರತಿ ಪುಸ್ತಕದಲ್ಲೂ ಚುಕ್ಕಿಯಿಟ್ಟು
ಚುಕ್ಕಿಗೆ ಚುಕ್ಕಿ ಕೂಡಿಸಿದಳು.
ಗೆರೆ ಇಳಿದ ಮನೆಗೆ ಬೀನ್ಸು, ಮೊಟ್ಟೆಯ ಮಾತು.

ಕೊನೆಗೆ ಬಂದವಳು ಹುಲ್ಲುಗಾವಲಿನಿಂದ,
ಮೂರು ಗಂಟೆ ನಡೆದು,
ಬೆನ್ನಿಗೆ ಕಟ್ಟಿದ ರೆಲೆಬೊಹಿಲೆಯೊಂದಿಗೆ.
ಉಳಿದದ್ದು ಆ ಸಿಕ್ಕ ಸೀಸೆ.
ತ್ಸೆಪಿಸೊ ಅಲ್ಲಾಡಿಸಿ ಕಿಟಕಿಗೆ ಹಿಡಿದಳು.
ನಾವೂ ಕತ್ತು ಚಾಚಿದೆವು.
ತಳದಲ್ಲಿ ಸಣ್ಣ ಸಣ್ಣ ಚೂರು, ಮೆಲ್ಲಗೆ ಇಳಿದು ಕೂತವು.

"ಅದನ್ನೇ ಚುಚ್ಚಿಬಿಡಿ, ಯಾರು ನೋಡುತ್ತಾರೆ?" ಅಂದಳು ತಾಯಿ.
ನರ್ಸ್ ಪುಸ್ತಕದಲ್ಲಿ ಬರೆದಳು: ಒಂದು ಸೀಸೆ, ಕೆಟ್ಟಿದೆ.
ಯಾರೂ ಮಾತಾಡಲಿಲ್ಲ.
ಮಾಲಿಬುಸೆಂಗ್ ಒಲೆಗೆ ಇನ್ನೊಂದು ಬೆರಣಿ ಹಾಕಿ
"ರಾತ್ರಿ ನಮ್ಮನೆಯಲ್ಲಿ ಇರು" ಅಂದಳು ಅವಳಿಗೆ.
ಆಮೇಲೆ ನನ್ನ ಕಡೆ ನೋಡಿದಳು.

ಇಳಿದೆ. ಗಾಳಿ ಇತ್ತು, ಚಂದ್ರ ಅರ್ಧ.
ಎರಡೆರಡು ಸಲ ನಿಂತು ಕೆಮ್ಮಿದೆ, ಕುದುರೆ ಕಾಯಿತು.
ಆಸ್ಪತ್ರೆಯ ಕಾವಲಿನವನನ್ನು ಬೈದು ಎಬ್ಬಿಸಿದೆ.
ಹತ್ತುವಾಗ ಪೆಟ್ಟಿಗೆ ನನ್ನ ಕಂಬಳಿಯೊಳಗೆ,
ಎಕ್ಸ್‌ರೇಯಲ್ಲಿ ಹಿಮ ಬಿದ್ದ ಜಾಗಕ್ಕೆ ಒತ್ತಿಕೊಂಡು.

ಬೆಳಕು ಹರಿದಾಗ ರೆಲೆಬೊಹಿಲೆ ಊರೇ ಏಳುವ ಹಾಗೆ ಅತ್ತ.
ನಾನು ಗೋಡೆಗೊರಗಿ ಕಣ್ಣು ಮುಚ್ಚಿದ್ದೆ.
ಯಾರೋ ಭುಜ ತಟ್ಟಿದರು.
ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ.

"ಬಾಯಿ ತೆಗಿ."