ಗಮನಾಭಿಲಾಷಿ

ಐನೂರು ಲಗ್ನಪತ್ರಿಕೆ, ಅಂಚಿಗೆ ಚಿನ್ನದ ಬಣ್ಣ.
ಕೊನೆಯ ಸಾಲಲ್ಲಿ ಒಂದು ‘ಆ’ ಉದುರಿಹೋಗಿ
‘ತಮ್ಮ ಆಗಮನಾಭಿಲಾಷಿಗಳು’ ಇರಬೇಕಾದಲ್ಲಿ
‘ತಮ್ಮ ಗಮನಾಭಿಲಾಷಿಗಳು’.
ಬನ್ನಿ ಅನ್ನುವ ಬಾಯಲ್ಲೇ ಹೊರಡಿ ಅಂದ ಹಾಗೆ.
ಹೆಣ್ಣಿನ ತಂದೆ ಹೊಳೆಹೊನ್ನೂರಿಂದ ಬೈಕಲ್ಲಿ ಬಂದು
ಕಟ್ಟನ್ನು ಮೇಜಿನ ಮೇಲೆ ಕುಕ್ಕಿದರು.
ಪ್ರೆಸ್ಸಿನ ಪಾಲಾಕ್ಷಪ್ಪನವರು ಬೈಯಲಿಲ್ಲ,
ಅದೇ ಕಷ್ಟವಾದದ್ದು.
ಕರಡಿನ ಬುಡದಲ್ಲಿ ಕೆಂಪು ಶಾಯಿ: ‘ಸರಿ ಇದೆ. ಪಂಕಜಾಕ್ಷಿ.’

ಕಣ್ಣು ಸಾಲಿನ ಮೇಲೇ ಇತ್ತು. ನಾನಿರಲಿಲ್ಲ.
ದುರ್ಗಿಗುಡಿಯ ತಿರುವಲ್ಲಿ ರಿವರ್ಸ್ ತೆಗೆಯುತ್ತಿದ್ದ ಲಾರಿಯ ಜೊತೆಗಿದ್ದೆ,
ಬುಕ್ ಮಾಡಲು ಮರೆತ ಗ್ಯಾಸಿನ ಜೊತೆ,
‘ಕಿಟಕಿ ಪಾಠ ಮಾಡ್ತಿದೆಯೇನೇ?’ ಎಂದ
ಮೂರನೇ ಕ್ಲಾಸಿನ ಟೀಚರ್ ಜೊತೆ.

ಮೂವತ್ತೇಳು ವರ್ಷ ಇದನ್ನು ಸೋಮಾರಿತನ ಅಂತ ಕರೆದೆ.
ಡಾಕ್ಟರ್ ನಸ್ರೀನ್ ಬೇರೆ ಹೆಸರಿಟ್ಟರು,
ಅದೂ ಮೂರನೇ ಭೇಟಿಯಲ್ಲಿ.
ಮಾತ್ರೆಗೆ ಮೊದಲು ಪ್ರಶ್ನೆ:
ಎದೆ ಹೊಡೆದುಕೊಳ್ಳುತ್ತಾ? ಕಾಮಾಲೆ ಆಗಿತ್ತಾ?
ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಹೋದರಾ?
ಬೇರೆ ಔಷಧಿ?
ಏನೂ ಇಲ್ಲ ಅಂದೆ. ಚೀಲದಲ್ಲಿ ಉಬ್ಬಸದ ಪಂಪಿತ್ತು.
ತೆಗೆಸಿ ನೋಡಿ ಬರೆದುಕೊಂಡರು,
ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು.
‘ಇದು ಉತ್ತೇಜಕದ ಜಾತಿಯಲ್ಲ,
ಇವತ್ತು ನುಂಗಿ ನಾಳೆ ಓಡುವಂಥದ್ದಲ್ಲ.
ಚಿಕ್ಕದರಿಂದ ಶುರು. ವಾರಗಳು ಬೇಕು.
ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ,
ಮನಸ್ಸು ಕಪ್ಪಾದರೂ, ಅವತ್ತೇ ಹೇಳಬೇಕು.’

ತಿಂಡಿ ಬಿಟ್ಟು ನುಂಗಿದ ಸೋಮವಾರ
ಆಯನೂರಿನ ಬಸ್ಸಲ್ಲಿ ಕಂಡಕ್ಟರ್ ಸೀಟಿ ಊದಿ
ನನಗೋಸ್ಕರ ಗಾಡಿ ನಿಲ್ಲಿಸಿದ.
ಅಲ್ಲಿಂದೀಚೆಗೆ ಮೊದಲು ರೊಟ್ಟಿ, ಆಮೇಲೆ ಗುಳಿಗೆ.

ಅತ್ತೆಗೆ ಕುತೂಹಲ. ಒಂದನ್ನು ಬಿಡಿಸಿಯೇ ಬಿಟ್ಟರು.
‘ಜೇನಲ್ಲಿ ಕಲಸಿಕೊಟ್ರೆ ಇಳಿಯಲ್ವೇನೇ?’
ಪುಡಿ ಬೆರಳಿಗೆ, ಬೆರಳು ಕಣ್ಣಿಗೆ,
ಹಿತ್ತಲ ನಲ್ಲಿ ಕೆಳಗೆ ಕಾಲುಗಂಟೆ ಕಣ್ಣು ತೊಳೆದು
‘ನಿನ್ ಮದ್ದು ನೀನೇ ಇಡಿಯಾಗಿ ನುಂಗು ತಾಯಿ’ ಅಂದರು.

ಒಂದು ಬುಧವಾರ ಮರೆತೆ.
ಮರೆಯುವ ಕಾಯಿಲೆಗೆ ಮರೆಯದೆ ನುಂಗುವ ಔಷಧಿ,
ಯಾರಿಗೆ ಹೇಳಿ ನಗಲಿ!
ಗುರುವಾರ ಎರಡು ಒಟ್ಟಿಗೆ ಅಂಗೈಯಲ್ಲಿ.
ಫೋನ್ ಮಾಡಿದೆ.
‘ನಿನ್ನೆಯದು ನಿನ್ನೆಗೆ ಹೋಯ್ತು. ಒಂದನ್ನು ವಾಪಸ್ ಹಾಕಿ.’

ಪಕ್ಕದ ಡಿಟಿಪಿ ಮೇಜಿನ ಮುಬೀನಾ ಕೇಳಿದಳು,
ತಮ್ಮನಿಗೆ ಪರೀಕ್ಷೆಯಿದೆ, ನಾಲ್ಕು ಕೊಡ್ತೀಯಾ?
ನಂದು ನನ್ನ ಎದೆಗೆ ಅಳೆದದ್ದು ಕಣೇ, ಅಂದೆ.
ಎರಡು ದಿನ ಮಾತು ಬಿಟ್ಟಳು.

ನಾಲ್ಕನೇ ವಾರ, ತುಂಗೆಯ ಸೇತುವೆ.
ಸಂಜೆ, ಬಸ್ಸು ನಿಧಾನ.
ಕಾರಣವೇ ಇಲ್ಲದೆ ಒಳಗೆ ಮಸಿ ಚೆಲ್ಲಿದ ಹಾಗೆ.
ನೀರಿನ ಕಡೆ ನೋಡದೆ ಕೂತೆ.
ನಾಳೆ ಹೇಳೋಣ ಅನ್ನಿಸಿತು,
ಅವತ್ತೇ ಅಂದಿದ್ದರಲ್ಲ,
ಬಸ್ಸಿಂದಿಳಿದು ಅವತ್ತೇ ಹೇಳಿದೆ.
ಡಾಕ್ಟರು ಪ್ರಮಾಣ ಇಳಿಸಿದರು, ದಿನಾ ಕೇಳಿದರು.
ರಮಾನಂದ ರಾತ್ರಿ ಪಕ್ಕದಲ್ಲಿ ಕೂತು
ಪೇಪರಿನ ಹರಾಜು ನೋಟಿಸುಗಳನ್ನು ಜೋರಾಗಿ ಓದಿದ,
ಬೇರೇನು ಮಾಡಬೇಕೋ ಗೊತ್ತಾಗದೆ.
ಮಸಿ ಒಂದು ವಾರದಲ್ಲಿ ತಿಳಿಯಾಯಿತು.

ಈಗ ಹತ್ತನೇ ವಾರ.
ಬಸ್ ಪಾಸ್ ಮತ್ತೆ ಕಳೆದಿದೆ. ಬಾಯಿ ಒಣಗುತ್ತದೆ.
ತಿಂಗಳಿಗೊಮ್ಮೆ ತೋಳಿಗೆ ಪಟ್ಟಿ, ನಾಡಿಯ ಲೆಕ್ಕ.
ತಿರುವಲ್ಲಿ ಲಾರಿ ಈಗಲೂ ಹಿಂದೆ ಸರಿಯುತ್ತದೆ,
ನಾನೂ ಅದರ ಜೊತೆ ಸ್ವಲ್ಪ ದೂರ ಹೋಗುತ್ತೇನೆ.

ಮನೆಯಿಂದ ಹೊರಡುವಾಗ
‘ಹೋಗ್ತೀನಿ’ ಅಂದರೆ ಅತ್ತೆಗೆ ಆಗುವುದಿಲ್ಲ,
‘ಹೋಗಿ ಬರ್ತೀನಿ’ ಅನ್ನಬೇಕು.

ಮೇಜಿನ ಮೇಲೆ ಹೊಸ ಕರಡು, ಗಾಜನೂರಿನ ಗೃಹಪ್ರವೇಶ.
ಕೊನೆಯ ಸಾಲು. ಲಾರಿ. ಮತ್ತೆ ಕೊನೆಯ ಸಾಲು.
‘ಆ’ ಇದೆ.
ಅದರ ಕೊಂಬಿನ ಮೇಲೆ ಬೆರಳಿಟ್ಟು
ಇನ್ನೊಂದು ಸಲ ಓದಿದೆ.