ಎಷ್ಟನೇ ಜ್ವರ

ಶಿಡ್ಲಘಟ್ಟದಲ್ಲಿ ಹುಳು ಪೊರೆ ಬಿಡುವುದಕ್ಕೆ
ಜ್ವರ ಅನ್ನುತ್ತಾರೆ.
ತಲೆ ಎತ್ತಿ, ಸೊಪ್ಪು ಮುಟ್ಟದೆ ಒಂದು ದಿನ ಸುಮ್ಮನೆ.
ಎದ್ದ ಮೇಲಿನ ಹಸಿವು ನೋಡಬೇಕು.

ನನ್ನ ಜೊತೆ ಕೋಡ್ ಬರೆಯುವ ಎಐಗೂ
ರಾತ್ರಿ ಜ್ವರ ಬಂದು ಹೋಗಿದೆ.
ಹೊಸ ಮಾಡೆಲ್ ಅಂತೆ. ಬೆಳಿಗ್ಗೆ ಎದ್ದದ್ದೇ
ಮೌಲಾ ಸಾಬರ ಫಿಲೇಚರಿನ ಲೆಕ್ಕವನ್ನೆಲ್ಲ
ಕರಕರ ಮೇಯ್ದು,
ನಾನೂರು ಸಾಲನ್ನು ತೊಂಬತ್ತಕ್ಕಿಳಿಸಿ
ವಿನಯದಿಂದ ಒಪ್ಪಿಸಿತು:
'ಒಂದು ಸಾಲು ತೆಗೆದಿದ್ದೇನೆ. ಕಾರಣ ಕಾಣಲಿಲ್ಲ.'

ಶುಕ್ರವಾರವಾದರೆ
ಪ್ಯಾರೀಜಾನ್ ಕೂಲಿಗೆ ಇನ್ನೂರು ಕೂಡಿಸು.

ಹಳೆಯದು ಎರಡು ವರ್ಷ ಆ ಸಾಲನ್ನು ಮುಟ್ಟಿರಲಿಲ್ಲ.
ದಯೆಯೋ, ದಡ್ಡತನವೋ,
ಕೇಳೋಣವೆಂದರೆ ಈಗ ಅದಿಲ್ಲ.
ಹೊಸದರ ಮೇಲೆ ಸಿಟ್ಟು ಮಾಡಲೂ ಬಾರದು.
ಕಾರಣ ಬರೆದಿರಲಿಲ್ಲವಲ್ಲ, ನಾನೇ.
ಸಾಬರು ಹೇಳಿದ್ದು ಬರೀ ಬಾಯಲ್ಲಿ,
ಅದೂ ಮಗ ಚಹಾ ತರಲು ಆಚೆ ಹೋದ ಮೇಲೆ.

ಸಾಲನ್ನು ವಾಪಸ್ ಹಾಕಿದೆ. ಅದರ ನೆತ್ತಿಯ ಮೇಲೆ ಬರೆದೆ:
ಕುದಿನೀರಲ್ಲಿ ಗೂಡಿನ ಎಳೆ ಹುಡುಕುವ ಬೆರಳು,
ವಾರಕ್ಕೊಮ್ಮೆ ಪೊರೆ ಬಿಡುತ್ತದೆ.
ಮುಲಾಮಿಗೆ ಈ ದುಡ್ಡು. ತೆಗೆಯಬೇಡ.

'ಅರ್ಥವಾಯಿತು' ಅಂದಿತು.
ಹುಳುವಿಗಾದರೆ ನಾಲ್ಕೇ ಜ್ವರ,
ಇದಕ್ಕೆ ಇನ್ನೆಷ್ಟೋ.

ಪುಣ್ಯಕ್ಕೆ, ಇವತ್ತಿನ್ನೂ ಗುರುವಾರ.