ಹರಿದ ಕಡೆ

ದಾವಣಗೆರೆ. ಹಳೇ ಬಸ್‌ಸ್ಟ್ಯಾಂಡ್ ಎದುರಿನ ಬಾರು,
ಶನಿವಾರ, ಮಹಡಿ ಮೇಲೆ ಕ್ವಿಜ್ಜು.
ಅಂಕ ಬರೆಯೋನು ನಾನು.

ಆಕ್ಟೋಪಸ್ಸಿಗೆ ಎಷ್ಟು ಹೃದಯ?
‘ಮೂರು’ – ಖಲಂದರ.
ಮಂಗೋಲಿಯಾದ ರಾಜಧಾನಿ?
ಮತ್ತೆ ಅವನೇ,
ಮಂಡಕ್ಕಿ ಭಟ್ಟಿಯ ಉಸುಕಿನ ಬಿಸಿ
ಇನ್ನೂ ಮೊಣಕೈಲಿಟ್ಟುಕೊಂಡು.

ಲೆಕ್ಚರರ್ ಟೇಬಲ್ಲು ಗೊಣಗಿತು: ಎಲ್ಲಿ ಓದಿದ್ಯೋ?
‘ಪೊಟ್ಟಣದಾಗ್ರೀ. ಕಟ್ಟೋಕೆ ಮುಂಚೆ ಒಮ್ಮೆ ಓದ್ತೀನಿ.’

ಕೊನೇ ಪ್ರಶ್ನೆ:
ಯಾವ ಗ್ರಹದಲ್ಲಿ ವರ್ಷಕ್ಕಿಂತ ದಿನ ಉದ್ದ?
ಖಲಂದರ ಕಣ್ಣು ಮುಚ್ಚಿದ,
ಬೆರಳಲ್ಲಿ ಇಲ್ಲದ ಕಾಗದ ಬಿಡಿಸಿದ.
‘ಅಲ್ಲಿಗೇ ಹರಿದಿತ್ತು, ಸರ್.
ಆ ಕಡೆ ಚೂರಲ್ಲಿ
ಯಾರೋ ಮಿರ್ಚಿ ಕಟ್ಟಿಸ್ಕೊಂಡು ಹೋದ್ರು.’

ಶುಕ್ರ, ಅಂದಿತು ಲೆಕ್ಚರರ್ ಟೇಬಲ್ಲು.
ಬರೆದುಕೊಂಡೆ.
ಖಾರಾ ಮಂಡಕ್ಕಿ ಮುಗಿದಿತ್ತು;
ಎಣ್ಣೆ ಹೀರಿದ ಹಾಳೆಯನ್ನು ಅವನು
ದೀಪಕ್ಕೆ ಹಿಡಿದು ಓದುತ್ತಿದ್ದ.